ತಂಡ ಗೆದ್ದಿದೆ, ಕ್ಲಬ್ಬು ತಯಾರಿದೆಯಾ?

2008ರ ಏಪ್ರಿಲ್. ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿರುವ ಫರ್ ಪಾರ್ಕ್ ಸ್ಟೇಡಿಯಂನಲ್ಲಿ ಆ ದೇಶದ ಅತಿ ಮೇಲಿನ ಫುಟ್‌ಬಾಲ್ ಲೀಗಿನ ಪಂದ್ಯವೊಂದು ನಡೆಯಿತು. ನೋಡಲು ಬಂದವರು ಬರೀ 431 ಜನ. ತವರಿನ ತಂಡವಾಗಿ ಆಡಿದ್ದು ಗ್ರೆಟ್ನಾ. ಆದರೆ ಅದು ಅವರ ತವರೇ ಅಲ್ಲ. ಗ್ರೆಟ್ನಾ ಇರುವುದು ಅಲ್ಲಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಇಂಗ್ಲೆಂಡಿನ ಗಡಿಗೆ ಅಂಟಿಕೊಂಡು. ಊರಿನ ಜನಸಂಖ್ಯೆ ಮೂರು ಸಾವಿರದ ಆಸುಪಾಸು.

ಈ ಕ್ಲಬ್ಬು ಸ್ಕಾಟಿಷ್ ಲೀಗಿನೊಳಗೆ ಬಂದಿದ್ದೇ 2002ರಲ್ಲಿ. 2005, 2006, 2007ರಲ್ಲಿ ಸಾಲಾಗಿ ಮೂರು ಬಡ್ತಿ, ಅಂದರೆ ಪ್ರತಿ ಸಲವೂ ಒಂದು ಹಂತ ಮೇಲಿನ ಲೀಗಿಗೆ. 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ಲಿಗೂ ಹೋಗಿ, ಹಾರ್ಟ್ಸ್ ತಂಡಕ್ಕೆ ಪೆನಾಲ್ಟಿ ಶೂಟೌಟಿನಲ್ಲಿ ಸೋತಿತು. ಅಂಕಪಟ್ಟಿ ಮಾತ್ರ ನೋಡಿದವರಿಗೆ ಇದಕ್ಕಿಂತ ತಯಾರಾದ ತಂಡ ಇನ್ನೊಂದಿಲ್ಲ ಅನ್ನಿಸಿರಬೇಕು. ಆದರೆ ಅವರ ಮೈದಾನ ರೇಡೇಲ್ ಪಾರ್ಕ್ ಮೇಲಿನ ಲೀಗಿನ ನಿಯಮಕ್ಕೆ ಸಾಲಲಿಲ್ಲ. ಹಾಗಾಗಿ ಬೇರೆಯವರ ಸ್ಟೇಡಿಯಂ. ಖರ್ಚು ನಡೆಯುತ್ತಿದ್ದುದು ಬ್ರೂಕ್ಸ್ ಮೈಲ್ಸನ್ ಎಂಬ ಒಬ್ಬ ಶ್ರೀಮಂತರ ಹಣದಲ್ಲಿ. ಅವರ ಆರೋಗ್ಯ ಕೆಟ್ಟಿತು, ಹಣ ಬರುವುದು ನಿಂತಿತು. 2008ರ ಮಾರ್ಚಿನಲ್ಲಿ ಕ್ಲಬ್ಬು ದಿವಾಳಿಯ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದೇ ವರ್ಷ ಇಲ್ಲವಾಯಿತು.

ಸಣ್ಣ ಕ್ಲಬ್ಬೊಂದು ಅಂಕಪಟ್ಟಿಯ ತುದಿಗೆ ಬಂದಾಗಲೆಲ್ಲ ನನಗೆ ಆ 431 ಜನ ನೆನಪಾಗುತ್ತಾರೆ. ಮೈದಾನದಲ್ಲಿ ಆಡುವುದು ಹನ್ನೊಂದು ಜನ. ಆದರೆ ಬಡ್ತಿ ಸಿಕ್ಕಾಗ ಮೇಲೆ ಹೋಗುವುದು ಇಡೀ ಕ್ಲಬ್ಬು. ಹುಲ್ಲು, ದೀಪ, ಗೇಟು, ಸಂಬಳದ ಪಟ್ಟಿ, ಬಟ್ಟೆ ಒಗೆಯುವವರು, ಲೆಕ್ಕ ಬರೆಯುವವರು, ಎಲ್ಲವೂ ಒಟ್ಟಿಗೆ ಹೋಗಬೇಕು. ಅಂಕಪಟ್ಟಿ ಇದರಲ್ಲಿ ಒಂದು ಭಾಗವನ್ನು ಮಾತ್ರ ಅಳೆಯುತ್ತದೆ. ಅದನ್ನೂ ಪೂರ್ತಿ ಸರಿಯಾಗಿ ಅಳೆಯುವುದಿಲ್ಲ. ಮೊದಲು ಅದನ್ನೇ ನೋಡೋಣ.

ಎರಡು ತಂಡ ಇವೆ ಅಂದುಕೊಳ್ಳಿ. ಎರಡೂ 46 ಪಂದ್ಯ ಆಡಿ, 25 ಗೆದ್ದು, ಒಂದೇ ಅಂಕದಲ್ಲಿ ನಿಂತಿವೆ. ಮೊದಲನೆಯದು ಹೊಡೆದ ಗೋಲು ಬಿಟ್ಟುಕೊಟ್ಟದ್ದಕ್ಕಿಂತ 40 ಜಾಸ್ತಿ. ಎರಡನೆಯದು 12 ಜಾಸ್ತಿ. ಎರಡನೆಯ ತಂಡದ 25 ಗೆಲುವಿನಲ್ಲಿ 18 ಬರೀ ಒಂದು ಗೋಲಿನ ಅಂತರದವು. ಅಂಕ ಮಾತ್ರ ನೋಡುವವರಿಗೆ ಈ ಎರಡು ತಂಡಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ. ನನಗೆ ಕಾಣುತ್ತದೆ. ಒಂದು ಗೋಲಿನ ಗೆಲುವಿನಲ್ಲಿ ಕಂಬಕ್ಕೆ ಬಡಿದು ಒಳಗೆ ಹೋದ ಚೆಂಡು ಇರುತ್ತದೆ, ರೆಫರಿಗೆ ಕಾಣದ ಕೈ ಇರುತ್ತದೆ, ಗೋಲ್‌ಕೀಪರ್ ಜೀವಮಾನದಲ್ಲಿ ಒಮ್ಮೆ ಹಿಡಿಯುವ ಚೆಂಡು ಇರುತ್ತದೆ. ಇದೆಲ್ಲ ಒಂದು ವರ್ಷ ಒದಗಿ ಬರಬಹುದು. ಮುಂದಿನ ವರ್ಷ, ಅದೂ ಗಟ್ಟಿ ತಂಡಗಳ ಎದುರು, ಬರುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ. ತಂಡದ ನಿಜವಾದ ಶಕ್ತಿ ತಿಳಿಯಲು ಅಂಕಕ್ಕಿಂತ ಗೋಲಿನ ಅಂತರ ಒಳ್ಳೆಯ ಅಳತೆ.

ಇನ್ನೂ ಒಳಗಿನ ಅಳತೆ ಬೇಕಾದವರು ಎಕ್ಸ್‌ಜಿ ನೋಡುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಜಾಗದಿಂದ ಹೊಡೆದ ಚೆಂಡು ನೂರರಲ್ಲಿ ಎಷ್ಟು ಸಲ ಗೋಲಾಗುತ್ತದೆ ಎಂಬ ಲೆಕ್ಕ, ಅಷ್ಟೇ. ಪೆನಾಲ್ಟಿ ನಾಲ್ಕರಲ್ಲಿ ಮೂರು ಸಲಕ್ಕಿಂತ ತುಸು ಜಾಸ್ತಿ ಗೋಲಾಗುತ್ತದೆ. 25 ಮೀಟರ್ ದೂರದಿಂದ ಹೊಡೆದದ್ದು ನೂರಕ್ಕೆ ಒಂದೆರಡು, ಮೂರು. ಇಡೀ ಪಂದ್ಯದ ಹೊಡೆತಗಳನ್ನು ಹೀಗೆ ಕೂಡಿದರೆ ಎಷ್ಟು ಗೋಲು ಬರಬೇಕಿತ್ತು ಎಂದು ಗೊತ್ತಾಗುತ್ತದೆ. ಬರಬೇಕಾದುದಕ್ಕಿಂತ ಬಹಳ ಜಾಸ್ತಿ ಗೋಲು ಹೊಡೆದ ತಂಡಕ್ಕೆ ಮುಂದಿನ ವರ್ಷ ಕಷ್ಟ ಕಾದಿದೆ.

ಕೆಳಗಿನ ಡಿವಿಷನ್ನುಗಳಲ್ಲಿ ಇಂಥ ಅಂಕಿಅಂಶ ಕೊಡುವ ಕಂಪನಿ ಇರುವುದಿಲ್ಲ. ಅಲ್ಲಿಗೆ ಒಂದು ನೋಟ್‌ಬುಕ್ ಸಾಕು. ಹಾಳೆಯ ಮೇಲೆ ಪೆನಾಲ್ಟಿ ಬಾಕ್ಸ್ ಬರೆದುಕೊಳ್ಳಿ. ನಮ್ಮವರು ಹೊಡೆದ ಕಡೆ ನೀಲಿ ಚುಕ್ಕೆ, ಎದುರಾಳಿ ಹೊಡೆದ ಕಡೆ ಕೆಂಪು ಚುಕ್ಕೆ. ಹತ್ತು ಪಂದ್ಯದ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿ. ನೀಲಿ ಚುಕ್ಕೆ ಬಾಕ್ಸಿನ ಹೊರಗೆ ಚದುರಿದ್ದು, ಕೆಂಪು ಚುಕ್ಕೆ ನಮ್ಮ ಗೋಲ್ ಕಂಬದ ಮುಂದೆ ಗುಂಪುಗಟ್ಟಿದ್ದರೆ, ಗೆಲುವು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಬೇಕು. ಹೆಚ್ಚಾಗಿ ಉತ್ತರ ಗೋಲ್‌ಕೀಪರ್. ಅವನು ಬೇರೆ ಕ್ಲಬ್ಬಿನಿಂದ ಸಾಲಕ್ಕೆ ಬಂದವನಾಗಿದ್ದರೆ ಮೇ ಕಳೆಯುತ್ತಲೇ ವಾಪಸ್ ಹೋಗುತ್ತಾನೆ.

ಸಾಲದ ಆಟಗಾರರ ವಿಷಯವನ್ನು ಜನ ಗಮನಿಸುವುದೇ ಇಲ್ಲ. ಸಣ್ಣ ಕ್ಲಬ್ಬಿನ ಒಳ್ಳೆಯ ಆಟಗಾರರಲ್ಲಿ ಕೆಲವರು ದೊಡ್ಡ ಕ್ಲಬ್ಬಿನಿಂದ ಒಂದು ಋತುವಿಗೆ ಬಂದ ಹುಡುಗರು. ಇನ್ನು ಕೆಲವರ ಕರಾರು ಆ ವರ್ಷವೇ ಮುಗಿಯುತ್ತದೆ. ಬಡ್ತಿ ತಂದ ತಂಡ ಮುಂದಿನ ಆಗಸ್ಟಿನಲ್ಲಿ ಇರುವುದೇ ಇಲ್ಲ! ಲೆಕ್ಕ ಹಾಕುವುದು ಸುಲಭ. ಈ ಋತುವಿನಲ್ಲಿ ಪ್ರತಿ ಆಟಗಾರ ಎಷ್ಟು ನಿಮಿಷ ಆಡಿದ ಎಂದು ಬರೆಯಿರಿ. ಮುಂದಿನ ವರ್ಷಕ್ಕೂ ಕರಾರು ಇರುವವರ ನಿಮಿಷಗಳನ್ನು ಮಾತ್ರ ಕೂಡಿಸಿ. ಒಟ್ಟು ನಿಮಿಷಗಳ ಅರ್ಧಕ್ಕಿಂತ ಕಡಿಮೆ ಬಂದರೆ, ನೀವು ಹೊಸ ಡಿವಿಷನ್ನಿಗೆ ಹೊಸ ತಂಡ ಕಟ್ಟಲು ಹೊರಟಿದ್ದೀರಿ ಅಂತಲೇ ಅರ್ಥ. ಗೋಲುಗಳಿಗೂ ಇದೇ ಲೆಕ್ಕ ಮಾಡಿ ನೋಡಿ. ಒಬ್ಬನೇ ಸ್ಟ್ರೈಕರ್ ಮೂರನೇ ಒಂದು ಭಾಗ ಹೊಡೆದಿದ್ದರೆ, ಅವನ ಮೊಣಕಾಲಿನ ಮೇಲೆ ಇಡೀ ಕ್ಲಬ್ಬು ನಿಂತಿದೆ.

ಹೊಸಬರನ್ನು ರಾಶಿ ರಾಶಿ ಕೊಳ್ಳುವುದರಿಂದ ಏನಾಗುತ್ತದೆ ಎಂದು ಮೊದಲೇ ಹೇಳಲಾಗದು. ಫುಲ್ಹಮ್ 2018ರಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗಿಗೆ ಬಂದ ಕೂಡಲೇ 10 ಕೋಟಿ ಪೌಂಡಿಗಿಂತ ಜಾಸ್ತಿ ಸುರಿಯಿತು, ಒಂದೇ ವರ್ಷದಲ್ಲಿ ಕೆಳಗಿಳಿಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2022ರಲ್ಲಿ 20ಕ್ಕೂ ಹೆಚ್ಚು ಆಟಗಾರರನ್ನು ತಂದಿತು, ಉಳಿದುಕೊಂಡಿತು. ಇವೆರಡೂ ದೊಡ್ಡ ಕ್ಲಬ್ಬುಗಳು. ಈ ಜೂಜು ಸಣ್ಣವರಿಗೆ ಸಲ್ಲದು.

ಇನ್ನೊಂದು ಮಾತು ಆಟದ ಶೈಲಿಯದ್ದು. ಕೆಳಗಿನ ಡಿವಿಷನ್ನಿನಲ್ಲಿ ಗೆಲ್ಲುವ ತಂಡದ ಕಾಲಲ್ಲೇ ಹೆಚ್ಚು ಹೊತ್ತು ಚೆಂಡು ಇರುತ್ತದೆ. ಮೇಲೆ ಹೋದ ಮೇಲೆ ಅದು ಎದುರಾಳಿಯ ಕಾಲಲ್ಲಿ ಇರುತ್ತದೆ. ಚೆಂಡಿಲ್ಲದ ಹೊತ್ತಿನಲ್ಲಿ ಈ ತಂಡ ಏನು ಮಾಡುತ್ತದೆ? ಸೌತಾಂಪ್ಟನ್ 2024ರಲ್ಲಿ ಮೇಲೆ ಬಂದು, ಕೆಳಗೆ ಗೆದ್ದ ಹಾಗೆಯೇ ಹಿಂದಿನಿಂದ ಸಣ್ಣ ಪಾಸ್ ಕೊಡುತ್ತಾ ಆಡಲು ಹೊರಟಿತು. 38 ಪಂದ್ಯದಲ್ಲಿ ಎರಡೇ ಗೆಲುವು, 12 ಅಂಕ. ಅದಕ್ಕಿಂತ ಕೆಟ್ಟ ಲೆಕ್ಕ ಪ್ರೀಮಿಯರ್ ಲೀಗಿನಲ್ಲಿ ಒಂದೇ ಇದೆ, 2007-08ರ ಡರ್ಬಿ ಕೌಂಟಿಯ 11. ಸಣ್ಣ ಕ್ಲಬ್ಬಿಗೆ ಇದನ್ನು ಪರೀಕ್ಷಿಸುವ ಅವಕಾಶ ವರ್ಷಕ್ಕೆ ಒಂದೆರಡು ಸಲ ಸಿಗುತ್ತದೆ, ಕಪ್ ಪಂದ್ಯಗಳಲ್ಲಿ. ಮೇಲಿನ ಡಿವಿಷನ್ನಿನ ತಂಡದ ಎದುರು ಆಡುವಾಗ ಸ್ಕೋರ್ ಬಿಡಿ. ಎಪ್ಪತ್ತನೇ ನಿಮಿಷದಲ್ಲಿ ನಮ್ಮ ಡಿಫೆಂಡರುಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರಾ ನೋಡಿ.

ಇಷ್ಟು ತಂಡದ ಮಾತು. ಈಗ ಬಾಗಿಲ ಹೊರಗೆ ನಿಲ್ಲಿಸುವ ವಿಷಯಕ್ಕೆ ಬರೋಣ: ಮೈದಾನ ಮತ್ತು ಲೈಸೆನ್ಸ್.

ಗೆದ್ದರೂ ಮೇಲೆ ಹೋಗಲಾಗದ ಕ್ಲಬ್ಬುಗಳು ಬಹಳ ಇವೆ. ಇಂಗ್ಲೆಂಡಿನಲ್ಲಿ 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್ ಐದನೇ ಹಂತದ ಲೀಗ್ ಗೆದ್ದವು. ಸಾಲಾಗಿ ಮೂರು ವರ್ಷ ಚಾಂಪಿಯನ್ನರಿಗೆ ಬಡ್ತಿ ಸಿಗಲಿಲ್ಲ. ಮೈದಾನ ನಿಯಮಕ್ಕೆ ತಕ್ಕಂತಿಲ್ಲ ಎಂಬುದೇ ಕಾರಣ. ಸ್ಟೀವನೇಜ್ ಕೋರ್ಟಿಗೂ ಹೋಗಿ ಸೋತಿತು. ಅವರಿಗೆ ಆ ಬಾಗಿಲು ತೆರೆದದ್ದು 2010ರಲ್ಲಿ. ಹದಿನಾಲ್ಕು ವರ್ಷ ಅಂದರೆ ಒಂದು ತಲೆಮಾರಿನ ಆಟಗಾರರು ಆಡಿ ನಿವೃತ್ತರಾಗುವಷ್ಟು ಕಾಲ, ಅಲ್ವಾ?

ನಿಯಮ ಎಂದರೆ ಬರೀ ಆಸನ ಎಣಿಸುವುದಲ್ಲ. ಫ್ಲಡ್‌ಲೈಟಿನ ಬೆಳಕು ಮೈದಾನದ ಮೂಲೆ ಮೂಲೆಯಲ್ಲೂ ಸಾಕಷ್ಟಿದೆಯಾ? ಎರಡೂ ಕಡೆಯ ಅಭಿಮಾನಿಗಳು ಬೇರೆ ಬೇರೆ ದಾರಿಯಲ್ಲಿ ಬಂದು ಹೋಗಬಹುದಾ? ಆಂಬುಲೆನ್ಸ್ ಮೈದಾನದ ಅಂಚಿನವರೆಗೆ ಬರುತ್ತದಾ? ಉದ್ದೀಪನ ಮದ್ದಿನ ಪರೀಕ್ಷೆಗೆ ಬೇರೆ ಕೋಣೆ ಇದೆಯಾ? ಕೃತಕ ಹುಲ್ಲಿನ ಕಥೆ ಇನ್ನೂ ನೋವಿನದ್ದು. ಹ್ಯಾರೊಗೇಟ್ ಟೌನ್ 2020ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗಿಗೆ ಬಂದಾಗ ತನ್ನ ಕೃತಕ ಹುಲ್ಲಿನ ಮೈದಾನ ಕಿತ್ತು ನಿಜವಾದ ಹುಲ್ಲು ಹಾಕಬೇಕಾಯಿತು. ಮೊದಲ ಕೆಲವು ತವರು ಪಂದ್ಯಗಳನ್ನು ಡಾಂಕಾಸ್ಟರಿನಲ್ಲಿ ಆಡಿತು. ಮರುವರ್ಷ ಸಟನ್ ಯುನೈಟೆಡ್‌ಗೂ ಇದೇ ಗತಿ. ಕೃತಕ ಹುಲ್ಲಿನ ಮೈದಾನ ವಾರವಿಡೀ ಬಾಡಿಗೆಗೆ ಹೋಗುತ್ತದೆ, ಶಾಲೆಯ ಮಕ್ಕಳು ಆಡುತ್ತಾರೆ, ಹಣ ಬರುತ್ತದೆ. ನಿಜವಾದ ಹುಲ್ಲಿನ ಮೇಲೆ ಅಷ್ಟು ಆಡಿಸಿದರೆ ಚಳಿಗಾಲದಲ್ಲಿ ಗೋಲ್ ಕಂಬದ ಮುಂದೆ ಕೆಸರಷ್ಟೇ ಉಳಿಯುತ್ತದೆ. ಬಡ್ತಿ ಸಿಕ್ಕಿತು, ಕಾಯಂ ಆದಾಯ ಹೋಯಿತು. ಅದರ ಜೊತೆಗೆ ಹುಲ್ಲು ನೋಡಿಕೊಳ್ಳುವವರ ಸಂಬಳ ಹೊಸದಾಗಿ ಬಂತು.

ಇದಕ್ಕೆ ವಿರುದ್ಧವಾಗಿ, ಬಾಗಿಲು ಮುಚ್ಚಿದ್ದರಿಂದಲೇ ಒಳ್ಳೆಯದಾದ ಒಂದು ಕಥೆ ಜಪಾನಿನದು. ಮಚಿಡಾ ಝೆಲ್ವಿಯಾ 2018ರಲ್ಲಿ ಎರಡನೇ ಹಂತದ ಲೀಗಿನಲ್ಲಿ ನಾಲ್ಕನೆಯದಾಗಿ ಮುಗಿಸಿತು. ಆದರೆ ಮೇಲಿನ ಲೀಗಿನ ಲೈಸೆನ್ಸ್ ಇಲ್ಲದ್ದರಿಂದ ಬಡ್ತಿಗಾಗಿ ನಡೆಯುವ ಪ್ಲೇಆಫ್ ಪಂದ್ಯ ಆಡಲೂ ಬಿಡಲಿಲ್ಲ. ಆ ಆಟಗಾರರ ಸಂಕಟ ಊಹಿಸಿಕೊಳ್ಳಿ. ಅದೇ ವರ್ಷ ಹೊಸ ಮಾಲೀಕರು ಬಂದಿದ್ದರು, ಆಮೇಲಿನ ವರ್ಷಗಳಲ್ಲಿ ಸ್ಟೇಡಿಯಂ ದೊಡ್ಡದಾಯಿತು. 2023ರಲ್ಲಿ ಮಚಿಡಾ ಚಾಂಪಿಯನ್ ಆಗಿಯೇ ಮೇಲೆ ಹೋಯಿತು. 2024ರಲ್ಲಿ, ಮೇಲಿನ ಲೀಗಿನ ಮೊದಲ ವರ್ಷದಲ್ಲೇ, ಮೂರನೇ ಸ್ಥಾನ. ಐದು ವರ್ಷ ಮೊದಲೇ ಹೋಗಿದ್ದರೆ ಹೀಗಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಜನರ ವಿಷಯ. ಅರೆಕಾಲಿಕ ಕ್ಲಬ್ಬು ಪೂರ್ಣಕಾಲಿಕ ಡಿವಿಷನ್ನಿಗೆ ಹೋಗುವುದು ಫುಟ್‌ಬಾಲಿನ ಅತಿ ಎತ್ತರದ ಮೆಟ್ಟಿಲು ಎಂದು ನನ್ನ ಅಭಿಪ್ರಾಯ. ನಿಮ್ಮ ಡಿಫೆಂಡರ್ ಒಬ್ಬ ಹಗಲು ಶಾಲೆಯಲ್ಲಿ ಪಾಠ ಹೇಳುತ್ತಾನೆ ಅಂದುಕೊಳ್ಳಿ. ವಾರದಲ್ಲಿ ಎರಡು ಸಂಜೆ ತರಬೇತಿ, ಶನಿವಾರ ಪಂದ್ಯ. ಬಡ್ತಿ ಸಿಕ್ಕರೆ ಮಂಗಳವಾರ ರಾತ್ರಿ 300 ಕಿಲೋಮೀಟರ್ ದೂರದಲ್ಲಿ ಪಂದ್ಯ. ಬಸ್ಸು ವಾಪಸ್ ಬರುವುದು ಬೆಳಗಿನ ಜಾವ ಮೂರಕ್ಕೆ. ಎಂಟಕ್ಕೆ ತರಗತಿಯಲ್ಲಿ ನಿಲ್ಲಬೇಕು. ಪೂರ್ಣಕಾಲಿಕನಾಗು ಎಂದು ಕ್ಲಬ್ಬು ಕೇಳಿದರೆ ಅವನು ಕಾಯಂ ಕೆಲಸ ಬಿಟ್ಟು ಒಂದು ವರ್ಷದ ಕರಾರಿಗೆ ಸಹಿ ಹಾಕಬೇಕು. ವಯಸ್ಸು 29, ಮನೆಯಲ್ಲಿ ಚಿಕ್ಕ ಮಗು. ಏನು ಮಾಡುತ್ತಾನೆ? ಉತ್ತರ ಕ್ಲಬ್ಬಿಗೆ ಏಪ್ರಿಲ್‌ನಲ್ಲಿ ಗೊತ್ತಾದರೆ ತಡವಾಯಿತು. ಜನವರಿಯಲ್ಲೇ ಒಬ್ಬೊಬ್ಬರನ್ನೂ ಕೂರಿಸಿ ಕೇಳಬೇಕು. ಸಂಬಳವಿಲ್ಲದೆ ಟಿಕೆಟ್ ಹರಿಯುವವರು, ಜರ್ಸಿ ಒಗೆಯುವವರು, ಕಾರ್ಯದರ್ಶಿಯ ಕಾಗದಪತ್ರ ನೋಡುವವರು, ಇವರಿಗೂ ಅದೇ ಪ್ರಶ್ನೆ. ಅವರು ವಾರಕ್ಕೆ ಎಷ್ಟು ಗಂಟೆ ಕೊಡುತ್ತಿದ್ದಾರೆ ಎಂದು ಎಷ್ಟೋ ಕ್ಲಬ್ಬುಗಳು ಎಣಿಸಿಯೇ ಇರುವುದಿಲ್ಲ.

ಕೇಳುವುದಷ್ಟೇ ಸಾಲದು, ಹೇಳಲೂ ಬೇಕು. 2025ರಲ್ಲಿ ಇಂಗ್ಲೆಂಡಿನ ವುಲ್ವ್ಸ್ ಮಹಿಳಾ ತಂಡ ಬಡ್ತಿಯ ಪೈಪೋಟಿಯಲ್ಲಿ ಋತು ಮುಗಿಸಿತು. ಆಮೇಲೆ ಆಟಗಾರ್ತಿಯರಿಗೆ ಗೊತ್ತಾಯಿತು, ಮೇಲಿನ ಲೀಗಿಗೆ ಬೇಕಾದ ಅರ್ಜಿಯನ್ನೇ ಕ್ಲಬ್ಬು ಹಾಕಿರಲಿಲ್ಲ ಎಂದು. ಈ ವರ್ಷ ಬೇಡ ಎಂದು ತೀರ್ಮಾನಿಸಲು ಕ್ಲಬ್ಬಿಗೆ ಕಾರಣ ಇರಬಹುದು. ಆದರೆ ಮಳೆಯಲ್ಲಿ, ಗಾಯ ಮಾಡಿಕೊಂಡು ಓಡಿದವರಿಗೆ ಅದನ್ನು ಮೊದಲೇ ಹೇಳದಿರುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಣಕ್ಕೆ ಬಂದರೆ, ನೋಡಬೇಕಾದ ಮೊದಲ ಅಂಕಿ ಒಂದೇ. ಕ್ಲಬ್ಬಿಗೆ ನೂರು ಬಂದರೆ ಆಟಗಾರರಿಗೆ ಎಷ್ಟು ಹೋಗುತ್ತದೆ? ಯುರೋಪಿನ ಟೂರ್ನಿಗಳಲ್ಲಿ ಆಡುವ ಕ್ಲಬ್ಬುಗಳಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಇಟ್ಟ ಮಿತಿ 70. ಸಂಬಳದ ಜೊತೆ ಆಟಗಾರರ ಖರೀದಿ, ಏಜೆಂಟರ ಖರ್ಚೂ ಅದರಲ್ಲಿ ಸೇರುತ್ತದೆ. ಇಂಗ್ಲೆಂಡಿನ ಎರಡನೇ ಹಂತದಲ್ಲಿ ಬರೀ ಸಂಬಳವೇ ನೂರು ದಾಟಿದ ಕ್ಲಬ್ಬುಗಳು ಬೇಕಾದಷ್ಟಿವೆ. ಬಡ್ತಿ ಸಿಕ್ಕರೆ ಆದಾಯ ಏರುತ್ತದೆ, ನಿಜ. ಆದರೆ ಕರಾರುಗಳಲ್ಲಿ ಬಡ್ತಿ ಸಿಕ್ಕರೆ ಸಂಬಳ ಇಷ್ಟು ಏರಬೇಕು ಎಂಬ ಸಾಲು ಇರುತ್ತದೆ. ಅದು ಜುಲೈನಿಂದಲೇ ಜಾರಿಗೆ ಬರುತ್ತದೆ. ಕೆಳಗಿಳಿದರೆ ಸಂಬಳ ಇಳಿಯಬೇಕು ಎಂಬ ಇನ್ನೊಂದು ಸಾಲು ಇದೆಯಾ ಎಂದು ಹುಡುಕಿ. ಈ ಎರಡನೇ ಸಾಲು ಇಲ್ಲದ ಒಂದೊಂದು ಕರಾರೂ ಮುಂದೆ ಕ್ಲಬ್ಬಿನ ಕುತ್ತಿಗೆಗೆ ಬರುವಂಥದ್ದು.

ಸಾಲವೇ ಇಲ್ಲದ ಕ್ಲಬ್ಬಿಗೂ ಹಣದ ತಡೆ ಬರಬಹುದು. ಸ್ಪೇನಿನ ಐಬಾರ್ ಸುಮಾರು 27,000 ಜನರ ಊರು. 2014ರಲ್ಲಿ ಅವರ ತಂಡ ಆ ದೇಶದ ಅತಿ ಮೇಲಿನ ಲೀಗಾದ ಲಾ ಲೀಗಾಕ್ಕೆ ಏರಿತು. ಒಂದು ಪೈಸೆ ಸಾಲ ಇರಲಿಲ್ಲ. ಆದರೂ ಅಲ್ಲಿನ ಕಾನೂನಿನ ಪ್ರಕಾರ ಷೇರು ಬಂಡವಾಳ ಸಾಲದು, ಇನ್ನೂ ಸುಮಾರು 17 ಲಕ್ಷ ಯೂರೋ ತರಬೇಕು, ಇಲ್ಲದಿದ್ದರೆ ಮೂರನೇ ಹಂತಕ್ಕೆ ತಳ್ಳುತ್ತೇವೆ ಎಂದರು. ಕ್ಲಬ್ಬು ಒಬ್ಬ ದೊಡ್ಡ ಧಣಿಯನ್ನು ಹುಡುಕಲಿಲ್ಲ. ಒಬ್ಬರು ಕೊಳ್ಳಬಹುದಾದ ಷೇರಿಗೆ ಮಿತಿ ಹಾಕಿ, ಪ್ರಪಂಚದ ಜನರನ್ನೇ ಕೇಳಿತು. ಹಿಂದೆ ಸಾಲದ ಆಟಗಾರರಾಗಿ ಅಲ್ಲಿ ಆಡಿದ್ದ ಷಾಬಿ ಅಲೊನ್ಸೊ, ಡೇವಿಡ್ ಸಿಲ್ವಾ ಬೆಂಬಲಕ್ಕೆ ನಿಂತರು. ಹಣ ಗಡುವಿನೊಳಗೆ ಬಂತು. ಮೊದಲ ವರ್ಷ ಐಬಾರ್ 18ನೇ ಸ್ಥಾನಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಹಿಂಬಡ್ತಿ. ಆದರೆ ಹಣದ ತೊಂದರೆಯಿಂದ ಎಲ್ಚೆ ತಂಡವನ್ನು ಕೆಳಗಿಳಿಸಿದ್ದರಿಂದ ಇವರು ಉಳಿದರು. ಮೈದಾನದಲ್ಲಿ ಐಬಾರನ್ನು ಮೀರಿಸಿದ್ದ ತಂಡ ಲೆಕ್ಕದ ಪುಸ್ತಕದಲ್ಲಿ ಸೋತಿತು. ಐಬಾರ್ 2021ರವರೆಗೆ ಏಳು ಋತು ಅಲ್ಲೇ ಆಡಿತು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಈ ಕ್ಲಬ್ಬು ಮೇಲೆ ಉಳಿಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಕೆಳಗೆ ಬಂದರೆ ಉಳಿಯುತ್ತದಾ ಎಂದು ನಾನು ಮೊದಲು ಕೇಳುತ್ತೇನೆ. ಯಾಕೆಂದರೆ ಮೇಲೆ ಹೋದವರು ಕೆಳಗೆ ಬರುವುದು ಅಪರೂಪವೇನಲ್ಲ. ಪ್ರೀಮಿಯರ್ ಲೀಗಿನಲ್ಲಿ 2023-24ರಲ್ಲಿ ಹೊಸದಾಗಿ ಬಂದ ಮೂರೂ ತಂಡ ಕೆಳಗಿಳಿದವು. 2024-25ರಲ್ಲೂ ಮೂರಕ್ಕೆ ಮೂರು. ಅಲ್ಲಿಂದ ಇಳಿದವರಿಗೆ ಕೆಲವು ವರ್ಷ ಪ್ಯಾರಾಚೂಟ್ ಹಣ ಸಿಗುತ್ತದೆ. ಕೆಳಗಿನ ಮೆಟ್ಟಿಲುಗಳಲ್ಲಿ ಅಷ್ಟು ದೊಡ್ಡ ಪ್ಯಾರಾಚೂಟ್ ಇಲ್ಲ.

ಬ್ರಾಡ್‌ಫರ್ಡ್ ಸಿಟಿ 1999ರಲ್ಲಿ ಪ್ರೀಮಿಯರ್ ಲೀಗಿಗೆ ಹೋಯಿತು. 2000ದ ಮೇನಲ್ಲಿ ಕೊನೆಯ ದಿನ ಲಿವರ್‌ಪೂಲನ್ನು ಸೋಲಿಸಿ ಉಳಿಯಿತು. ಉಳಿದೆವಲ್ಲ ಎಂಬ ಸಂತೋಷದಲ್ಲಿ ದುಬಾರಿ ಆಟಗಾರರನ್ನು ತಂದರು. 2001ರಲ್ಲಿ ಕೆಳಗಿಳಿಯಿತು, 2002ರಲ್ಲಿ ದಿವಾಳಿಯ ಆಡಳಿತ, 2007ರ ಹೊತ್ತಿಗೆ ನಾಲ್ಕನೇ ಹಂತ.

ಲೂಟನ್ ಟೌನ್ ದಾರಿ ಬೇರೆ. 2009ರಲ್ಲಿ 30 ಅಂಕ ಕಡಿತದ ಶಿಕ್ಷೆಯಿಂದ ಇಂಗ್ಲಿಷ್ ಫುಟ್‌ಬಾಲ್ ಲೀಗಿನಿಂದಲೇ ಹೊರಬಿದ್ದು ಐದನೇ ಹಂತಕ್ಕೆ ಇಳಿದಿದ್ದ ಕ್ಲಬ್ಬು ಅದು. 2023ರಲ್ಲಿ ಪ್ರೀಮಿಯರ್ ಲೀಗಿಗೆ ಬಂತು. ಅವರ ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಆಗ ಜಾಗ ಇದ್ದದ್ದು ಹತ್ತು ಸಾವಿರದ ಸ್ವಲ್ಪ ಮೇಲೆ. ಹೊರಗಿನ ತಂಡದ ಅಭಿಮಾನಿಗಳು ಮನೆಗಳ ಸಾಲಿನ ನಡುವೆ ಕೊರೆದ ದ್ವಾರದಲ್ಲಿ ನುಗ್ಗಿ, ಯಾರದೋ ಹಿತ್ತಲಿನ ಮೇಲಿಂದ ಹೋಗುವ ಮೆಟ್ಟಿಲು ಹತ್ತಿ ಒಳಗೆ ಬರಬೇಕು. ಒಣಗಲು ಹಾಕಿದ ಬಟ್ಟೆ ಕಾಣುವಷ್ಟು ಹತ್ತಿರ. ಬಡ್ತಿ ಸಿಕ್ಕ ಬೇಸಿಗೆಯಲ್ಲಿ ಒಂದು ಸ್ಟ್ಯಾಂಡನ್ನೇ ಹೊಸದಾಗಿ ಕಟ್ಟಬೇಕಾಯಿತು. ಕೆಲಸ ಮುಗಿಯದೆ ಮೊದಲ ತವರು ಪಂದ್ಯ ಮುಂದೆ ಹೋಯಿತು. 2024ರಲ್ಲಿ ಕೆಳಗಿಳಿದರು, 2025ರಲ್ಲಿ ಮತ್ತೊಂದು ಮೆಟ್ಟಿಲು ಇಳಿದರು. ಆಟದ ಮಟ್ಟಿಗೆ ದೊಡ್ಡ ಪೆಟ್ಟು. ಆದರೆ ಗ್ರೆಟ್ನಾದಂತೆ ಕ್ಲಬ್ಬೇ ಮುಳುಗಲಿಲ್ಲ. 25,000 ಆಸನದ ಹೊಸ ಸ್ಟೇಡಿಯಂ ಯೋಜನೆಯನ್ನೂ ಕೈಬಿಡಲಿಲ್ಲ.

ನಿಧಾನವಾಗಿ ಹೋದವರಲ್ಲಿ ನನಗೆ ಇಷ್ಟದ್ದು ಜರ್ಮನಿಯ ಹೈಡೆನ್‌ಹೈಮ್. ಫ್ರಾಂಕ್ ಶ್ಮಿಟ್ ಅಲ್ಲಿ ಕೋಚ್ ಆಗಿದ್ದು 2007ರಲ್ಲಿ. 2009ರಲ್ಲಿ ಮೂರನೇ ಹಂತ, 2014ರಲ್ಲಿ ಎರಡನೇ ಹಂತ. 2020ರಲ್ಲಿ ವರ್ಡರ್ ಬ್ರೆಮೆನ್ ಎದುರು ಪ್ಲೇಆಫ್ ಎರಡೂ ಪಂದ್ಯ ಡ್ರಾ ಆಗಿ, ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಡ್ತಿ ತಪ್ಪಿತು. ಕೋಚನ್ನು ತೆಗೆಯಲಿಲ್ಲ. 2023ರಲ್ಲಿ ಕೊನೆಯ ದಿನದ ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಅತಿ ಮೇಲಿನ ಲೀಗಾದ ಬುಂಡೆಸ್‌ಲಿಗಾಕ್ಕೆ ಹೋದರು. ಮೊದಲ ವರ್ಷವೇ ಎಂಟನೇ ಸ್ಥಾನ.

ಹಾಗಾದರೆ ನಿಮ್ಮ ಕ್ಲಬ್ಬು? ಚಳಿಗಾಲದ ಅಭಿಮಾನಿಗಳ ಸಭೆಗೆ ಹೋದಾಗ ಎರಡು ಹಾಳೆ ತೋರಿಸಿ ಎಂದು ಕೇಳಿ. ಒಂದು, ಬಡ್ತಿ ಸಿಕ್ಕರೆ ಮುಂದಿನ ವರ್ಷದ ಜಮಾಖರ್ಚು. ಇನ್ನೊಂದು, ಅಲ್ಲಿಂದ ವಾಪಸ್ ಬಂದರೆ ಅದರಾಚೆಗಿನ ವರ್ಷದ್ದು. ಮೊದಲ ಹಾಳೆಯನ್ನು ಎಲ್ಲರೂ ಖುಷಿಯಿಂದ ಬರೆದಿರುತ್ತಾರೆ. ಎರಡನೆಯದು ಇನ್ನೂ ಬರೆದಿಲ್ಲ ಅಂದರೆ ಗಾಬರಿ ಬೇಡ, ಖಜಾಂಚಿಯ ಪಕ್ಕ ಕೂತು ಕರಾರುಗಳನ್ನು ಒಂದೊಂದಾಗಿ ತೆಗೆದು ಬರೆಯಿರಿ. ಏಪ್ರಿಲ್‌ವರೆಗೆ ಸಮಯ ಇದೆ.